ಆರನೇ ಡಿಗ್ರಿಯಿಂದ ಮೂರಕ್ಕೆ ಇಳಿದೆ: ಬಾಟಲಿಗೆ ಬಹುಪದೋಕ್ತಿ ಕೂರಿಸಿದ ನನ್ನ ಅನುಭವ

ಗಾಜಿನ ಬಾಟಲಿಯ ಅಂಚಿನ ಗೆರೆಗೆ ಬಹುಪದೋಕ್ತಿ (ಎಕ್ಸ್, ಅದರ ವರ್ಗ, ಘನ ಹೀಗೆ ಘಾತಗಳನ್ನು ಕೂಡಿಸಿದ ಸೂತ್ರ, ಅತಿ ದೊಡ್ಡ ಘಾತವೇ ಅದರ ಡಿಗ್ರಿ) ಕೂರಿಸಿ, ಅದನ್ನು ಅಕ್ಷದ ಸುತ್ತ ತಿರುಗಿಸಿ ಘನಫಲ ತೆಗೆಯುವುದು ಹಳೇ ಪ್ರಾಜೆಕ್ಟ್. ನಿಮ್ಮಲ್ಲಿ ಅರ್ಧ ಜನ ಮಾಡಿರುತ್ತೀರಿ. ಇದಕ್ಕೆ ಮೂರನೇ ಡಿಗ್ರಿ ಸಾಕು ಅಂತ ನಾನು ಹೇಳಿದಾಗ ಗುಂಪಿನಲ್ಲಿ ಯಾರೂ ಒಪ್ಪಲಿಲ್ಲ. "ಆರಕ್ಕೇ ಆರ್ ಸ್ಕ್ವೇರ್ 0.99 ದಾಟಿದೆ, ನೀನ್ಯಾಕೋ ಹಿಂದಕ್ಕೆ ಹೋಗ್ತೀಯ?" ಅಂದ ಒಬ್ಬ. (ಆರ್ ಸ್ಕ್ವೇರ್ ಅಂದರೆ ಗೆರೆ ಬಿಂದುಗಳಿಗೆ ಎಷ್ಟು ಚೆನ್ನಾಗಿ ಕೂರುತ್ತದೆ ಅನ್ನುವ ಅಂಕ, ಪೂರ್ತಿ ಕೂತರೆ 1.) ಮೇಷ್ಟ್ರಿಗೂ ಅನುಮಾನವೇ. ಕೊನೆಗೆ ನೀರಿನಲ್ಲಿ ಅಳೆದು ನೋಡಿದಾಗ ಅವರ ಉತ್ತರ ಸುಮಾರು ಶೇಕಡಾ 7ರಷ್ಟು ತಪ್ಪಿತ್ತು, ನನ್ನದು ಶೇಕಡಾ 1ರ ಒಳಗೆ. ಆಮೇಲೆ ನನ್ನ ಶೀಟ್ ಕಳಿಸು ಅಂದವರೇ ಜಾಸ್ತಿ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಫೋಟೋ ತೆಗೆಯುವುದು, ಬಿಂದು ಗುರುತಿಸುವುದು ನಿಮಗೆ ಗೊತ್ತೇ ಇದೆ. ಒಂದು ಮಾತು ಮಾತ್ರ: ಕ್ಯಾಮೆರಾ ದೂರ ಇಟ್ಟು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಬಾಟಲಿಯ ಹೊಟ್ಟೆ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಆ ತಪ್ಪನ್ನು ಆಮೇಲೆ ಯಾವ ಸಮೀಕರಣವೂ ಸರಿ ಮಾಡುವುದಿಲ್ಲ. ನನ್ನ ಬಾಟಲಿ 24 ಸೆಂಟಿಮೀಟರ್ ಎತ್ತರ, ಬಿಂದುಗಳು ಹತ್ತಿರ ಹತ್ತಿರ 20.

ದುಡ್ಡು ಹೋಗಿದ್ದು ಬೇರೆ ಕಡೆ. ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೊಂಡೆ, ಅದರ ರಿಗ್ರೆಶನ್ (ಬಿಂದುಗಳಿಗೆ ಗೆರೆ ಕೂರಿಸುವ) ಮೆನು ನಾಲ್ಕನೇ ಡಿಗ್ರಿಗೇ ಮುಗಿಯಿತು. ಚಿತ್ರದಿಂದ ಬಿಂದು ಎತ್ತುವ ಒಂದು ಸಾಫ್ಟ್‌ವೇರ್‌ಗೆ ಚಂದಾ ಕಟ್ಟಿದೆ. ಎಲ್ಲ ಸೇರಿ ನಾಲ್ಕೈದು ತಿಂಗಳ ಪಾಕೆಟ್ ಮನಿ. ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರ್‌ನಲ್ಲಿ ಫೋಟೋ ಹಾಕಿ ಅದರ ಮೇಲೇ ಬಿಂದು ಒತ್ತಿದರೆ ಅದೇ ಕೆಲಸ ಪುಕ್ಕಟೆ ಆಗುತ್ತದೆ. ಕೊನೆಯ ಲೆಕ್ಕವೆಲ್ಲ ನಡೆದದ್ದು ಬರೀ ಸ್ಪ್ರೆಡ್‌ಶೀಟ್‌ನಲ್ಲಿ. ಕ್ಯಾಲ್ಕುಲೇಟರ್ ಈಗ ಕೂಡಿ ಕಳೆಯುವುದಕ್ಕೆ ಇದೆ.

ಮೊದಲು ಎಲ್ಲರ ಹಾಗೆ ಎಲ್ಲಾ ಬಿಂದುಗಳ ಮೇಲೂ ಹಾಯುವ ಗೆರೆ ಹಾಕಿದೆ. 20 ಬಿಂದುಗಳಿಗೆ 19ನೇ ಡಿಗ್ರಿ. ನಡುವೆ ಪರವಾಗಿಲ್ಲ, ಬುಡದ ಹತ್ತಿರ ತ್ರಿಜ್ಯ ಮೈನಸ್‌ಗೆ ಇಳಿದು ಮತ್ತೆ ಮೇಲೆದ್ದಿತ್ತು. ಬಿಂದುಗಳ ಮೇಲೆ ಮಾತ್ರ ಒಂದು ಕೂದಲಷ್ಟೂ ತಪ್ಪಿಲ್ಲ! ಎಲ್ಲಾ ಬಿಂದು ಮುಟ್ಟಿದರೆ ಗೆರೆ ಸರಿ ಅಂತ ನಂಬುವವರಿಗೆ ನಾನು 1, 2, 4, 8, 16 ಬರೆದು ಕೊಡುತ್ತೇನೆ. ಮುಂದಿನದು 32 ಅನ್ನುತ್ತಾರೆ. ಈ ಐದನ್ನೂ ಮುಟ್ಟುವ ನಾಲ್ಕನೇ ಡಿಗ್ರಿ ಬಹುಪದೋಕ್ತಿ ಕೊಡುವುದು 31.

ಈ ಅಂಚಿನ ಕುಣಿತ ಎಲ್ಲಿಂದ ಬರುತ್ತದೆ ಅಂತ ನೋಡಲು ಬಾಟಲಿಯನ್ನು ಪಕ್ಕಕ್ಕಿಟ್ಟು ಒಂದಷ್ಟು ದಿನ ಕಳೆದೆ. 1901ರಲ್ಲಿ ಜರ್ಮನಿಯ ಗಣಿತಜ್ಞ ಕಾರ್ಲ್ ರುಂಗೆ ತೋರಿಸಿದ ಉದಾಹರಣೆ ಇದೆಯಲ್ಲ, ಎಕ್ಸ್‌ನ ವರ್ಗವನ್ನು 25ರಿಂದ ಗುಣಿಸಿ, 1 ಕೂಡಿಸಿ, 1ನ್ನು ಅದರಿಂದ ಭಾಗಿಸುವುದು. −1ರಿಂದ 1ರವರೆಗೆ ಸಮ ಅಂತರದಲ್ಲಿ 11 ಬಿಂದು ಇಟ್ಟು ಹತ್ತನೇ ಡಿಗ್ರಿ ಹಾಕಿದರೆ ಅಂಚಿನಲ್ಲಿ ತಪ್ಪು ಸುಮಾರು 1.9 ಬರುತ್ತದೆ. ಆ ಫಲನದ ಅತಿ ಹೆಚ್ಚಿನ ಬೆಲೆಯೇ 1! ಅದೇ 11 ಬಿಂದುಗಳನ್ನು ರಷ್ಯಾದ ಗಣಿತಜ್ಞ ಚೆಬಿಶೆವ್ ಹೇಳಿದ ಜಾಗಗಳಲ್ಲಿ, ಅಂದರೆ ಅಂಚಿನ ಕಡೆ ಒತ್ತೊತ್ತಾಗಿ ಇಟ್ಟರೆ ತಪ್ಪು 0.11ರ ಸುಮಾರಿಗೆ ಇಳಿಯುತ್ತದೆ. ಅವತ್ತಿನಿಂದ ನಾನು ಬಾಟಲಿಯ ಬುಡ ಮತ್ತು ಬಾಯಿಯ ಹತ್ತಿರ ಬಿಂದುಗಳನ್ನು ದಟ್ಟವಾಗಿ ಒತ್ತುತ್ತೇನೆ. ಇಷ್ಟು ಮಾಡಿದರೇ ಅರ್ಧ ರಗಳೆ ಕಡಿಮೆ.

ಇನ್ನು ಸ್ಪ್ರೆಡ್‌ಶೀಟ್‌ನ ಟ್ರೆಂಡ್‌ಲೈನ್, ಅಂದರೆ ಗ್ರಾಫ್‌ನ ಬಿಂದುಗಳಿಗೆ ಅದು ತಾನೇ ಕೂರಿಸುವ ಗೆರೆ. ಅದು ಆರನೇ ಡಿಗ್ರಿಯ ತನಕ ಹೋಗುತ್ತದೆ, ಗೆರೆ ನೋಡಲು ಚಂದ. ಪಕ್ಕದಲ್ಲಿ ಬರುವ ಸಮೀಕರಣ ಇದೆಯಲ್ಲ, ಅದನ್ನು ಹಾಗೇ ಎತ್ತಿಕೊಂಡು ಕೆಟ್ಟವರು ಎಷ್ಟೋ ಜನ. ನಮ್ಮ ಗುಂಪಿನಲ್ಲೇ ಒಬ್ಬ ಗೆರೆ ಸರಿ ಇದೆ, ಕೋಷ್ಟಕ ತಪ್ಪು ಬರ್ತಿದೆ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡ. ಆರನೇ ಘಾತದ ಸಹಗುಣಕ (ಅದನ್ನು ಗುಣಿಸುವ ಸಂಖ್ಯೆ) 2ಇ-06 ಅಂತ ಕಾಣುತ್ತಿತ್ತು, ಅಂದರೆ 0.000002. ಒಳಗೆ ನಿಜವಾಗಿ ಇದ್ದದ್ದು 0.0000017ರ ಆಸುಪಾಸು. ಇಷ್ಟು ಚಿಕ್ಕ ವ್ಯತ್ಯಾಸ ಯಾರು ಲೆಕ್ಕಕ್ಕೆ ತಗೊಳ್ತಾರೆ, ಅಲ್ವಾ? ಆದರೆ 24ರ ಆರನೇ ಘಾತ 19 ಕೋಟಿ 11 ಲಕ್ಷ ಚಿಲ್ಲರೆ. ಗುಣಿಸಿ ನೋಡಿ, 57 ಬರುತ್ತದೆ. ಬಾಟಲಿಯ ಬಾಯಿ ಹತ್ತಿರ ತ್ರಿಜ್ಯ 57 ಸೆಂಟಿಮೀಟರ್ ತಪ್ಪು, ಅದೂ ಈ ಒಂದೇ ಪದದಿಂದ. ಸಮೀಕರಣದ ಲೇಬಲ್‌ನಲ್ಲಿ ದಶಮಾಂಶ ಸ್ಥಾನ ಹೆಚ್ಚಿಸಿದರೆ ಬಚಾವು, ಆದರೆ ಹದಿನೈದು ಅಂಕಿಗಳನ್ನು ವರದಿಯಲ್ಲಿ ಬರೆಯೋರ್ಯಾರು?

ನನ್ನ ಮದ್ದು ಸುಲಭ. ಎತ್ತರದಿಂದ 12 ಕಳೆದು 12ರಿಂದ ಭಾಗಿಸಿದೆ, ಅದಕ್ಕೆ ಯು ಅಂತ ಹೆಸರಿಟ್ಟೆ. ಬುಡದಲ್ಲಿ ಯು −1, ಬಾಯಲ್ಲಿ 1. ಎಷ್ಟನೇ ಘಾತಕ್ಕೆ ಏರಿಸಿದರೂ 1ನ್ನು ದಾಟುವುದಿಲ್ಲ. ಸಹಗುಣಕಗಳನ್ನು ಎರಡು ದಶಮಾಂಶಕ್ಕೆ ರೌಂಡ್ ಮಾಡಿದರೂ ಒಂದೊಂದರಿಂದ ಬರುವ ತಪ್ಪು ಹೆಚ್ಚೆಂದರೆ 0.005 ಸೆಂಟಿಮೀಟರ್. ಇದನ್ನು ಮಾಡದೆ ಯಾರೂ ಫಿಟ್ ಮಾಡಬಾರದು ಅಂತ ನನ್ನ ವಾದ. ಗುಂಪಿನವರು ಇದನ್ನು "ಸುಮ್ನೆ ಶೋಕಿ" ಅಂದಿದ್ದರು.

ಡಿಗ್ರಿ ಆರಿಸುವ ವಿಷಯಕ್ಕೆ ಬರೋಣ. ಆರ್ ಸ್ಕ್ವೇರ್ ನೋಡಿ ಆರಿಸಬೇಡಿ. ಅದೇ ಬಿಂದುಗಳಿಗೆ ಡಿಗ್ರಿ ಏರಿಸುತ್ತಾ ಹೋದರೆ ಅದು ಯಾವತ್ತೂ ಇಳಿಯುವುದಿಲ್ಲ, ಹಾಗಾಗಿ ಅದರ ಹೊಗಳಿಕೆಗೆ ಬೆಲೆಯಿಲ್ಲ. ನಾನು ಮಾಡಿದ್ದು ಹೀಗೆ: ಒಂದು ಬಿಂದು ಮುಚ್ಚಿಟ್ಟು, ಉಳಿದವಕ್ಕೆ ಗೆರೆ ಹಾಕಿ, ಮುಚ್ಚಿಟ್ಟ ಬಿಂದುವನ್ನು ಗೆರೆ ಎಷ್ಟು ಹತ್ತಿರ ಊಹಿಸುತ್ತದೆ ಅಂತ ನೋಡುವುದು. ಒಂದೊಂದಾಗಿ ಎಲ್ಲವನ್ನೂ ಮುಚ್ಚಿ, ತಪ್ಪುಗಳ ಸರಾಸರಿ ತೆಗೆಯುವುದು. ನೆನಪಿರುವ ಮಟ್ಟಿಗೆ ಮೂರನೇ ಡಿಗ್ರಿಗೆ 2 ಮಿಲಿಮೀಟರ್, ಐದಕ್ಕೆ ಒಂದೂವರೆ, ಆರಕ್ಕೆ ಮತ್ತೆ ಎರಡು, ಎಂಟಕ್ಕೆ ನಾಲ್ಕರ ಮೇಲೆ. ಆರ್ ಸ್ಕ್ವೇರ್ ಏರುತ್ತಲೇ ಇತ್ತು, ಐದು ದಾಟಿದ ಮೇಲೆ ಊಹೆ ಮಾತ್ರ ಕೆಡುತ್ತಾ ಹೋಯಿತು. ಮ್ಯಾಟ್ರಿಕ್ಸ್ ಗೊತ್ತಿದ್ದವರು ಇಪ್ಪತ್ತು ಸಲ ಫಿಟ್ ಮಾಡಬೇಕಾಗಿಲ್ಲ. ಒಂದೇ ಸಲ ಮಾಡಿ, ಪ್ರತಿ ಬಿಂದುವಿನ ಉಳಿಕೆಯನ್ನು (ಬಿಂದುವಿಗೂ ಗೆರೆಗೂ ಇರುವ ವ್ಯತ್ಯಾಸ) ಒಂದರಿಂದ ಅದರ ಲೆವರೇಜ್ (ಆ ಬಿಂದು ಗೆರೆಯನ್ನು ತನ್ನ ಕಡೆ ಎಷ್ಟು ಎಳೆಯುತ್ತದೆ ಅನ್ನುವ ಅಳತೆ) ಕಳೆದು ಬಂದದ್ದರಿಂದ ಭಾಗಿಸಿದರೆ ಅದೇ ಉತ್ತರ ಸಿಗುತ್ತದೆ.

ಒಂದೇ ಮೂರನೇ ಡಿಗ್ರಿ ಗೆರೆ ಇಡೀ ಬಾಟಲಿಗೆ ಸಾಲುವುದಿಲ್ಲ, ಆ ಮಾತು ಒಪ್ಪುತ್ತೇನೆ. ಹೊಟ್ಟೆ ಸರಿ ಬಂದರೆ ಭುಜ ಕೆಡುತ್ತದೆ. ಎರಡು ತುಂಡು ಮಾಡಿ ಬೇರೆ ಬೇರೆ ಗೆರೆ ಹಾಕಿದರೆ ಸೇರುವಲ್ಲಿ ಮೆಟ್ಟಿಲು ಬರುತ್ತದೆ. ಮೆಟ್ಟಿಲು ತೆಗೆಯಲು ಬೆಲೆ, ಇಳಿಜಾರು ಎರಡನ್ನೂ ಸಮ ಮಾಡಿ ಸಮೀಕರಣ ಬಿಡಿಸಲು ಹೋದರೆ ಪುಟಗಟ್ಟಲೆ ಲೆಕ್ಕ.

ಕೈ ಹಿಡಿದದ್ದು ಒಂದೇ ಒಂದು ಹೆಚ್ಚುವರಿ ಕಾಲಂ. ಯು, ಅದರ ವರ್ಗ, ಅದರ ಘನ, ಈ ಮೂರು ಕಾಲಂ ಹೇಗೂ ಇವೆ. ನಾಲ್ಕನೆಯದರಲ್ಲಿ ಯು ಮೈನಸ್ ಕೆ, ಅದರ ಘನ. ಕೆ ಅಂದರೆ ಎರಡು ತುಂಡು ಸೇರುವ ಜಾಗದ ಯು ಬೆಲೆ. ಆದರೆ ಯು ಬೆಲೆ ಕೆಗಿಂತ ಕಡಿಮೆ ಇದ್ದಲ್ಲೆಲ್ಲ ಸೊನ್ನೆ. ಮ್ಯಾಕ್ಸ್ ಸೂತ್ರ ಹಾಕಿದರೆ ತಾನೇ ಬರುತ್ತದೆ. ನಾಲ್ಕನ್ನೂ ಲೈನೆಸ್ಟ್ ಅನ್ನುವ ಸ್ಪ್ರೆಡ್‌ಶೀಟ್ ಸೂತ್ರಕ್ಕೆ ಕೊಟ್ಟರೆ ಐದು ಸಂಖ್ಯೆ ಸಿಗುತ್ತವೆ, ಮುಗಿಯಿತು. ಕೆ ಇರುವ ಜಾಗದಲ್ಲಿ ಆ ಘನದ ಬೆಲೆ ಸೊನ್ನೆ, ಇಳಿಜಾರು ಸೊನ್ನೆ, ಎರಡನೇ ಅವಕಲನವೂ (ಇಳಿಜಾರು ಬದಲಾಗುವ ದರ) ಸೊನ್ನೆ. ಹಾಗಾಗಿ ಹೊಲಿಗೆ ಹಾಕಿದ್ದೇ ಕಾಣದ ಬಟ್ಟೆಯ ಹಾಗೆ ಎರಡು ತುಂಡು ಕೂಡಿಕೊಳ್ಳುತ್ತವೆ. ಮುಚ್ಚಿಟ್ಟು ಊಹಿಸುವ ಪರೀಕ್ಷೆಯಲ್ಲಿ ಇದರ ತಪ್ಪು ಒಂದು ಮಿಲಿಮೀಟರ್‌ಗಿಂತ ಕೆಳಗೆ ಬಂತು.

ಕೆ ಎಲ್ಲಿಡಬೇಕು ಅನ್ನುವುದೇ ಕೈಚಳಕ. ಅರ್ಧ ಹೇಳುತ್ತೇನೆ: ಬರೀ ಮೂರನೇ ಡಿಗ್ರಿ ಹಾಕಿ ಉಳಿಕೆಗಳ ಗ್ರಾಫ್ ನೋಡಿ. ಪ್ಲಸ್ಸುಗಳು ಒಂದು ಗುಂಪಾಗಿ, ಮೈನಸ್ಸುಗಳು ಇನ್ನೊಂದು ಗುಂಪಾಗಿ ಕೂತಿರುತ್ತವೆ. ಕೆ ಆ ಗುಂಪುಗಳ ಸುತ್ತಲೇ ಎಲ್ಲೋ ಇರುತ್ತದೆ. ಸರಿಯಾದ ಜಾಗ ಹಿಡಿಯುವುದು ಹೇಗೆ ಅನ್ನುವ ಇನ್ನರ್ಧ ನನ್ನ ಹತ್ತಿರವೇ ಇರಲಿ, ಮುಂದಿನ ಬ್ಯಾಚ್‌ನವರೂ ಸ್ವಲ್ಪ ಒದ್ದಾಡಲಿ. ಹಳೇ ಚೂಪು ಭುಜದ ಬಾಟಲಿ ಒಂದಕ್ಕೆ ಇನ್ನೊಂದು ಕೆ ಹಾಕಿ ಐದನೇ ಕಾಲಂ ಸೇರಿಸಿದೆ, ಅದೂ ಬಂತು. ಮೂರು ಕೆ ಹಾಕಿದಾಗ ಮತ್ತೆ ಕುಣಿತ ಶುರುವಾಯಿತು.

ಘನಫಲಕ್ಕೆ ಒಂದು ಎಚ್ಚರಿಕೆ. ಫೋಟೋದಲ್ಲಿ ಸಿಗುವುದು ಹೊರಗಿನ ಗೆರೆ, ಒಳಗೆ ತುಂಬುವ ನೀರಿಗೆ ಹೋಲಿಸಿದರೆ ಗಾಜಿನ ದಪ್ಪ ಅಡ್ಡ ಬರುತ್ತದೆ. ನಾನು ಬಾಟಲಿಗೆ ನೀರು ತುಂಬಿ ಮುಚ್ಚಳ ಹಾಕಿ, ಅಂಚಿನ ತನಕ ನೀರಿದ್ದ ಪಾತ್ರೆಯಲ್ಲಿ ಪೂರ್ತಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆಯುವ ಜಾಡಿಯಲ್ಲಿ ಹಿಡಿದೆ. ಖಾಲಿ ಬಾಟಲಿ ತೇಲುತ್ತದೆ, ಒತ್ತಿ ಹಿಡಿದ ಬೆರಳುಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ, ಅದಕ್ಕೇ ತುಂಬಿಸಿದ್ದು. ಬುಡದಲ್ಲಿ ಒಳಕ್ಕೆ ತಗ್ಗಿರುವ ಬಾಟಲಿ ಆದರೆ ಆ ತಗ್ಗನ್ನು ಬೇರೆಯಾಗಿ ಅಳೆದು ಕಳೆಯಬೇಕು, ಪಕ್ಕದಿಂದ ತೆಗೆದ ಫೋಟೋದಲ್ಲಿ ಅದು ಕಾಣುವುದೇ ಇಲ್ಲ.

ಘನಫಲಕ್ಕೆ ಅನುಕಲಿಸುವಾಗ (ಇಂಟಿಗ್ರೇಟ್ ಮಾಡುವಾಗ) ಯು ಬಳಸಿದ್ದಕ್ಕೆ ಹೊರಗೆ 12 ಗುಣಿಸಬೇಕು. ಕೆ ಹತ್ತಿರ ಎರಡು ಭಾಗ ಮಾಡಿ, ತ್ರಿಜ್ಯದ ಸೂತ್ರವನ್ನು ವರ್ಗ ಮಾಡಿದರೆ ಆರನೇ ಡಿಗ್ರಿ ಬರುತ್ತದೆ, ಕೈಯಲ್ಲೇ ಅನುಕಲಿಸಬಹುದು. ಪರೀಕ್ಷಕರು ಯು ಬೇಡ, ಎತ್ತರದಲ್ಲೇ ಬರೆದು ತೋರಿಸು ಅಂದರೆ ಬಿಡಿಸಿ ಬರೆಯಿರಿ, ಆದರೆ ರೌಂಡ್ ಮಾಡದ ಸಹಗುಣಕಗಳಿಂದ ಶುರು ಮಾಡಿ. ನನ್ನನ್ನು ಕೇಳಿದರು. ಬಿಡಿಸಿದ ಸಮೀಕರಣ ಅನುಬಂಧದಲ್ಲಿ ಮೊದಲೇ ಇತ್ತು, ಪುಟ ತಿರುಗಿಸಿ ತೋರಿಸಿದೆ.