ರಂಗದಿಂದ ಇಳಿದ ಒಪೆರಾ ಗಾಯಕಿಯ ಬಳಿ ದನಿ ಕಲಿಯುವುದು ಹೇಗೆ

ಮೊದಲ ದಿನ ನಾನು ಹಾಡಿದ್ದು ಕರ್ನಾಟಕ ಸಂಗೀತದ ಮೊದಲ ಪಾಠ, ಸರಳೆ ವರಸೆ. ಮಾಯಾಮಾಳವಗೌಳ, ಐದೂವರೆ ಮನೆ ಶ್ರುತಿ, ಒಂದನೇ ಕಾಲ. ಪಿಯಾನೋ ಮುಂದೆ ಕುಳಿತಿದ್ದ ಟೀಚರ್ ನನ್ನ ರಿಷಭಕ್ಕೆ ಹುಬ್ಬೇರಿಸಿದರು. ಧೈವತಕ್ಕೆ ಬಂದಾಗ ಕೈಯೆತ್ತಿ ನಿಲ್ಲಿಸಿಯೇ ಬಿಟ್ಟರು. ಶ್ರುತಿ ಇಳಿಯುತ್ತಿದೆ ಎಂದು ಅವರ ಎಣಿಕೆ. ಇಳಿಯುತ್ತಿಲ್ಲ, ನಮ್ಮಲ್ಲಿ ಪುಟ್ಟ ಮಕ್ಕಳಿಗೆ ಮೊದಲು ಕಲಿಸುವ ರಾಗವೇ ಇದು ಎಂದೆ. ಪಿಯಾನೋದಲ್ಲಿ ಒಂದೊಂದೇ ಸ್ವರ ಒತ್ತಿ ಹುಡುಕಿಕೊಂಡು, "ಇದನ್ನು ಮಕ್ಕಳಿಗೆ ಕಲಿಸುತ್ತೀರಾ?" ಎಂದು ನಕ್ಕರು. ಆಮೇಲೆ ಹೇಳಿದ್ದು ಬೇರೆಯೇ ಮಾತು: "ರಾಗ ನನಗೆ ಗೊತ್ತಿಲ್ಲ. ಆದರೆ ಮೇಲಿನ ಸ ಹತ್ತಿರ ಬರುತ್ತಿದ್ದಂತೆ ನೀವು ಗಂಟಲಿನಿಂದ ತಳ್ಳುತ್ತೀರಿ. ಅದು ನನಗೆ ಗೊತ್ತು. ನಾನೂ ಹಾಗೆಯೇ ತಳ್ಳಿ ಒಂದು ಚಳಿಗಾಲವಿಡೀ ಮಾತಿಲ್ಲದೆ ಕೂತಿದ್ದೆ."

ನಾನು ಶಿವಮೊಗ್ಗದವಳು, ಈಗ ಇರುವುದು ಜರ್ಮನಿಯ ಕಾರ್ಲ್ಸ್‌ರೂಹದಲ್ಲಿ. ಇಲ್ಲಿನ ಕನ್ನಡ ಬಳಗದವರ ಗಣೇಶನ ಹಬ್ಬದಲ್ಲಿ ಹಾಡಿದಾಗಲೆಲ್ಲ ಯಾರಾದರೂ ಬಂದು, ಒಪೆರಾದವರ ಹತ್ತಿರ ಕಲಿಯುತ್ತೀರಂತೆ, ನಮಗೂ ಹೇಳಿ ಎನ್ನುತ್ತಾರೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಹೆಸರು ತಿಳಿದುಕೊಳ್ಳಿ: ಲಿಲಿ ಲೇಮಾನ್, ಲೋಟೆ ಲೇಮಾನ್. ಇಬ್ಬರೂ ಜರ್ಮನ್ ಗಾಯಕಿಯರು, ಇಬ್ಬರೂ ಒಪೆರಾದಿಂದ ಬೋಧನೆಗೆ ಬಂದವರು, ಇಬ್ಬರಿಗೂ ನೆಂಟಸ್ತಿಕೆ ಇಲ್ಲ. ನೀವು ಹುಡುಕುತ್ತಿರುವ ಟೀಚರ್ ಇವರಲ್ಲಿ ಯಾರ ಜಾಯಮಾನದವರು ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಲಿಲಿ ಹುಟ್ಟಿದ್ದು 1848ರಲ್ಲಿ, ವ್ಯುರ್ಟ್ಸ್‌ಬುರ್ಗ್‌ನಲ್ಲಿ. ಹಾಡು ಕಲಿಸಿದವರು ಸ್ವತಃ ಗಾಯಕಿಯಾಗಿದ್ದ ತಾಯಿ. 1876ರಲ್ಲಿ ಬೈರಾಯ್ಟ್‌ನ ಮೊಟ್ಟಮೊದಲ ಒಪೆರಾ ಉತ್ಸವದಲ್ಲಿ, ಜರ್ಮನ್ ಒಪೆರಾ ರಚನಕಾರ ವಾಗ್ನರ್‌ನ ರೈನ್ ನದಿಯ ಕನ್ಯೆಯರಲ್ಲಿ ಒಬ್ಬಳಾಗಿ ಹಾಡಿದರು. ಹಗುರ ಪಾತ್ರಗಳಿಂದ ಶುರುಮಾಡಿ, ದನಿ ಮಾಗಿದ ಮೇಲೆ ವಾಗ್ನರ್ ಒಪೆರಾದ ನಾಯಕಿ ಇಸೋಲ್ಡೆಯಂಥ ಭಾರದ ಪಾತ್ರಗಳಿಗೆ ಬಂದವರು. 1886ರಲ್ಲಿ ನ್ಯೂಯಾರ್ಕಿನವರು ಮೊದಲು ಕೇಳಿದ ಇಸೋಲ್ಡೆ ಇವರೇ. 1902ರಲ್ಲಿ ತಮ್ಮ ಹಾಡುಗಾರಿಕೆಯ ಬಗ್ಗೆ ಪುಸ್ತಕವನ್ನೇ ಬರೆದರು. ಅದರ ತುಂಬ ನಾಲಿಗೆ, ಅಂಗುಳ, ಉಸಿರು. ಅವರ ಮುಖ್ಯ ಅಭ್ಯಾಸ 'ದೊಡ್ಡ ಆರೋಹಣ': ಒಂದೊಂದೇ ಸ್ವರವನ್ನು ಅತಿ ನಿಧಾನವಾಗಿ, ದನಿಯ ಗುಣ ಕೆಡದಂತೆ ಹತ್ತಿ ಇಳಿಯುವುದು. ನಮ್ಮ ಅಕಾರ ಸಾಧನೆಯ ಸೋದರತ್ತೆ ಅನ್ನಿ.

ಲೋಟೆ 1888ರಲ್ಲಿ ಪೆರ್ಲೆಬೆರ್ಗ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಬರ್ಲಿನ್ನಿನಲ್ಲಿ ಸೇರಿದ್ದ ಗಾಯನ ಶಾಲೆಯೊಂದು, ಈಕೆಯಿಂದ ಆಗುವುದಿಲ್ಲ ಎಂದು ಹೊರಗೆ ಕಳಿಸಿತು. ಎತ್ತಿಕೊಂಡವರು ಮಟಿಲ್ಡೆ ಮಾಲಿಂಗರ್. ಅವರೂ ರಂಗ ಇಳಿದ ಗಾಯಕಿಯೇ. 1868ರಲ್ಲಿ ಮ್ಯೂನಿಕ್‌ನಲ್ಲಿ ವಾಗ್ನರ್‌ನ 'ಮೈಸ್ಟರ್‌ಸಿಂಗರ್' ಮೊದಲು ರಂಗಕ್ಕೆ ಬಂದಾಗ ನಾಯಕಿ ಏವಾಳಾಗಿ ಹಾಡಿದ್ದವರು. ಮುಂದೆ ಲೋಟೆ ವಿಯೆನ್ನಾದ ಕಣ್ಮಣಿಯಾದರು, 1938ರಲ್ಲಿ ಅದನ್ನು ಬಿಟ್ಟು ಅಮೆರಿಕ ಸೇರಿದರು, 1951ರಲ್ಲಿ ನ್ಯೂಯಾರ್ಕ್ ಕಚೇರಿಯೊಂದರಲ್ಲಿ ವಿದಾಯ ಹೇಳಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಪಾಠಕ್ಕೆ ಕುಳಿತರು. 1961ರಲ್ಲಿ ಬೈರಾಯ್ಟ್‌ನಲ್ಲಿ ಹಾಡಿದ ಮೊದಲ ಕಪ್ಪು ಗಾಯಕಿ ಗ್ರೇಸ್ ಬಂಬ್ರಿ ಲೋಟೆಯ ಶಿಷ್ಯೆ. ಲೋಟೆಯ ಪಾಠದ ಜೀವ ಇದ್ದದ್ದು ಸಾಹಿತ್ಯದಲ್ಲಿ, ಭಾವದಲ್ಲಿ: ಈ ಸಾಲನ್ನು ಹಾಡುವಾಗ ನೀನು ಯಾರು, ಯಾರನ್ನು ನೋಡುತ್ತಿದ್ದೀಯ ಎಂಬುದರಲ್ಲಿ.

ನಮ್ಮಂಥವರಿಗೆ ಶುರುವಿನಲ್ಲಿ ಬೇಕಾದ್ದು ಲಿಲಿಯ ಜಾಯಮಾನದವರು. ಭಾವ ಹೇಳಿಕೊಡಲು ನಮಗೆ ನಮ್ಮ ಗುರುಗಳಿದ್ದಾರೆ. ದಾಸರ ಪದದ ಭಾವಕ್ಕೆ ಜರ್ಮನಿಯವರ ಬಳಿ ಏಕೆ ಹೋಗಬೇಕು? ಉಸಿರು, ಗಂಟಲು, ಅಂಗುಳದ ಕೆಲಸ ಕಲಿಯಲು ಹೋಗಿ.

ಹುಡುಕುವುದು ಕಷ್ಟವಲ್ಲ. ಈ ದೇಶದಲ್ಲಿ ಸರ್ಕಾರದ ಹಣದಿಂದ ನಡೆಯುವ ಒಪೆರಾ ಮನೆಗಳು ಸುಮಾರು 80 ಇವೆ. ಅವುಗಳಲ್ಲಿ ಗಾಯಕರು ತಿಂಗಳ ಸಂಬಳಕ್ಕೆ ಇರುತ್ತಾರೆ, ಆದರೆ ಕರಾರು ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ. ಒಂದೇ ರಂಗಮಂದಿರದಲ್ಲಿ 15 ವರ್ಷ ದಾಟಿದವರನ್ನು ಸುಲಭವಾಗಿ ಕಳಿಸುವಂತಿಲ್ಲ. ಹಾಗಾಗಿ ಎಷ್ಟೋ ಜನರಿಗೆ ಆ ಗಡಿಯ ಸ್ವಲ್ಪ ಮೊದಲೇ 'ಮುಂದುವರಿಸುವುದಿಲ್ಲ' ಎಂಬ ಪತ್ರ ಬರುತ್ತದೆ. ನನ್ನ ಟೀಚರ್‌ಗೂ ಬಂತು, 14ನೇ ವರ್ಷದಲ್ಲಿ, ನಡುಗಾತ್ರದ ಊರಿನ ಒಂದು ರಂಗಮಂದಿರದಿಂದ. ಮೆಟ್ಸೊ ಸೊಪ್ರಾನೋ (ಹೆಣ್ಣು ದನಿಗಳಲ್ಲಿ ನಡುವಿನದು) ದನಿ, ನಲವತ್ತಮೂರು ವಯಸ್ಸು, ಹೊಸ ನಿರ್ದೇಶಕರಿಗೆ ಹೊಸ ಮುಖ ಬೇಕಿತ್ತು. ಪತ್ರವನ್ನು ಅವರು ಇನ್ನೂ ಪಿಯಾನೋ ಬೆಂಚಿನ ಒಳಗೇ ಇಟ್ಟುಕೊಂಡಿದ್ದಾರೆ, ಪುಸ್ತಕ ತೆಗೆಯುವಾಗ ಕಾಣುತ್ತದೆ. ಹೀಗೆ ಹೊರಬಿದ್ದ ಒಳ್ಳೆಯ ಗಾಯಕರು ಪ್ರತಿ ಊರಿನಲ್ಲೂ ಪಾಠ ಹೇಳುತ್ತಿರುತ್ತಾರೆ. ಊರಿನ ಸಂಗೀತ ಶಾಲೆ, ಚರ್ಚಿನ ಗಾಯನವೃಂದ, ರಂಗಮಂದಿರದ ಕೋರಸ್‌ನವರು, ಈ ಮೂರು ಕಡೆ ವಿಚಾರಿಸಿದರೆ ಸಾಕು.

ಎಚ್ಚರಿಕೆ ಒಂದಿದೆ. 'ಗಾಯನ ಶಿಕ್ಷಕ' ಎಂಬ ಹೆಸರಿಗೆ ಇಲ್ಲಿ ಕಾನೂನಿನ ರಕ್ಷಣೆ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು. ಪರಿಚಯ ಪತ್ರದಲ್ಲಿ ದೊಡ್ಡ ಪಾತ್ರಗಳ ಪಟ್ಟಿ ನೋಡಿ ಮರುಳಾಗಬೇಡಿ. ನಾನು ಮೊದಲು ಹೋಗಿದ್ದವರ ಗೋಡೆಯ ತುಂಬ ವೇಷದ ಫೋಟೋಗಳಿದ್ದವು. ಆರು ವಾರ ಅವರು ಹಾಡಿ ತೋರಿಸಿದರು, ನಾನು ಅನುಕರಿಸಿದೆ, ಏಳನೇ ವಾರ ಗಂಟಲು ಕಟ್ಟಿತು. ಹುಟ್ಟಿನಿಂದಲೇ ದನಿ ಸಲೀಸಾಗಿ ಬಂದವರಿಗೆ ಅದು ಹೇಗೆ ಬರುತ್ತದೆ ಎಂದು ಯೋಚಿಸುವ ಪ್ರಸಂಗವೇ ಬಂದಿರುವುದಿಲ್ಲ. ಆದ್ದರಿಂದ ಪರೀಕ್ಷಾ ತರಗತಿಯಲ್ಲಿ ನೇರವಾಗಿ ಕೇಳಿ: ನಿಮ್ಮ ದನಿ ಎಂದಾದರೂ ಕೆಟ್ಟಿತ್ತೇ, ಹೇಗೆ ಸರಿಮಾಡಿಕೊಂಡಿರಿ? ಜರ್ಮನ್ನರು ನೇರ ಪ್ರಶ್ನೆಗೆ ಬೇಸರಿಸುವುದಿಲ್ಲ. ಬೇಸರಿಸಿದರೆ ಅದೂ ಒಂದು ಉತ್ತರವೇ.

ನೀವು ಹೇಳಬೇಕಾದ್ದೂ ಇದೆ. ನಾವು ಮೈಕ್ ಇಟ್ಟುಕೊಂಡು, ತಂಬೂರಿಯ ಪಕ್ಕ ಹಾಡುವವರು. ಅವರು ಮೈಕ್ ಇಲ್ಲದೆ ಇಡೀ ಆರ್ಕೆಸ್ಟ್ರಾದ ಮೇಲೆ ದನಿ ದಾಟಿಸಿದವರು. ಒಪೆರಾ ದನಿಯಲ್ಲಿ, ಅದರಲ್ಲೂ ಗಂಡು ದನಿಯಲ್ಲಿ, 3000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಮೊನಚು ಏಳುತ್ತದೆ. ಆರ್ಕೆಸ್ಟ್ರಾದ ಬಲ ಅಲ್ಲಿ ತಗ್ಗಿರುವುದರಿಂದ ಹಾಡು ಕೇಳಿಸುತ್ತದೆ. ನಿಮಗೆ ಆ ಮೊನಚು ಬೇಕಾಗಿಲ್ಲ ಎಂದು ಮೊದಲೇ ತಿಳಿಸಿ. ಗಮಕ ಎಂದರೆ ವೈಬ್ರಾಟೋ, ಅಂದರೆ ಒಪೆರಾ ದನಿಯ ಒಂದೇ ಸಮನಾದ ನಡುಕ, ಅಲ್ಲ ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ತೋಡಿಯ ಗಾಂಧಾರ ಹಾಡಿ ತೋರಿಸಿ. ನಾನು ಇದನ್ನು ಮೂರು ತಿಂಗಳು ತಡವಾಗಿ ಮಾಡಿದೆ. ಅಷ್ಟರಲ್ಲಿ ಶಿವಮೊಗ್ಗದ ನನ್ನ ಗುರುಗಳು ಫೋನಿನಲ್ಲಿ ಕೇಳಿ, "ದನಿ ತೆರೆದಿದೆ, ಸಂತೋಷ. ಆದರೆ ಪಂಚಮ ಯಾಕಮ್ಮ ನಡುಗುತ್ತಿದೆ? ಅದು ಅಚಲ ಸ್ವರ" ಎಂದು ಬೈದರು.

ಇನ್ನು ಪಾಠ. ಇಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುವ ಪದ 'ಷ್ಟ್ಯುಟ್ಸೆ', ಎಂದರೆ ಆಸರೆ. ಹೊಟ್ಟೆ ಬಿಗಿಹಿಡಿಯಬೇಕು ಎಂದು ನಾನು ತಿಳಿದಿದ್ದೆ, ತಪ್ಪು. ಗೊನೆ ಬಿಟ್ಟ ಬಾಳೆಗೆ ಕವೆಗೋಲು ಕೊಡುತ್ತೇವಲ್ಲ, ಆ ಕೋಲು ಗಿಡವನ್ನು ಮೇಲಕ್ಕೆ ತಳ್ಳುವುದಿಲ್ಲ, ಬೀಳದಂತೆ ನಿಲ್ಲುತ್ತದೆ ಅಷ್ಟೆ. ಉಸಿರು ತುಂಬಿಕೊಂಡಾಗ ಅರಳಿದ ಪಕ್ಕೆಲುಬು ಹಾಡುವಾಗ ತಟ್ಟನೆ ಕುಸಿಯದಂತೆ ನೋಡಿಕೊಳ್ಳುವುದೇ ಷ್ಟ್ಯುಟ್ಸೆ. ಎರಡೂ ಅಂಗೈ ಕೆಳಪಕ್ಕೆಗಳ ಮೇಲಿಟ್ಟು 'ಸ್' ಎಂದು ಸಣ್ಣಗೆ ಗಾಳಿ ಬಿಡಿ; ಅಂಗೈಗಳು ಒಳಗೆ ಬರುವುದು ಎಷ್ಟು ನಿಧಾನವೋ ಅಷ್ಟು ಒಳ್ಳೆಯದು.

ನನಗೆ ಅತಿ ಹೆಚ್ಚು ಫಲ ಕೊಟ್ಟಿದ್ದು ಮಾತ್ರ ಒಂದು ನೀರಿನ ಬಾಟಲಿ. ಅರ್ಧ ನೀರು ತುಂಬಿ. ಕಿರುಬೆರಳು ಗಾತ್ರದ, ಒಂದು ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದದ ಸಿಲಿಕೋನ್ ಕೊಳವೆಯ ತುದಿಯನ್ನು ನೀರಿನೊಳಗೆ ಎರಡು ಸೆಂಟಿಮೀಟರ್ ಇಳಿಸಿ. ಇನ್ನೊಂದು ತುದಿಯನ್ನು ತುಟಿಗಳ ನಡುವೆ ಗಾಳಿ ಸೋರದಂತೆ ಹಿಡಿದು 'ಊ' ಎನ್ನಿ. ಗುಳುಗುಳು ಶಬ್ದ ಒಂದೇ ಸಮನಾಗಿ ಬರಬೇಕು. ಬಾಯಿಯ ಕಡೆ ತಡೆ ಇರುವುದರಿಂದ ಗಾಳಿ ಹಿಂದಕ್ಕೆ ಒತ್ತುತ್ತದೆ, ಧ್ವನಿತಂತುಗಳು ಒಂದಕ್ಕೊಂದು ಬಡಿದುಕೊಳ್ಳದೆ ಮೃದುವಾಗಿ ಸೇರುತ್ತವೆ. ಹಾಗೆಯೇ ಸರಳೆಯ ಆರೋಹಣ ಹತ್ತಿ. ಮೇಲಿನ ಷಡ್ಜದ ಹತ್ತಿರ ಗುಳ್ಳೆ ಒಮ್ಮೆಲೇ ದೊಡ್ಡದಾಗಿ ನೀರು ಹಾರಿದರೆ ನೀವು ತಳ್ಳುತ್ತಿದ್ದೀರಿ, ನಿಂತುಹೋದರೆ ಗಂಟಲು ಹಿಸುಕುತ್ತಿದ್ದೀರಿ. ನಮ್ಮ ಹೆಂಗಸರು ಎದೆಯ ದನಿಯನ್ನೇ ತಾರಸ್ಥಾಯಿಯವರೆಗೆ ಎಳೆಯುವುದು ಎಷ್ಟು ರೂಢಿಯೆಂದರೆ, ದನಿ ಅಲ್ಲಿ ತಲೆಯ ಕಡೆಗೆ ಹಗುರವಾಗಿ ಹೊರಳಬಹುದು ಎಂಬುದೇ ಮರೆತಿರುತ್ತದೆ. ಬಾಟಲಿ ಅದನ್ನು ಮುಲಾಜಿಲ್ಲದೆ ತೋರಿಸುತ್ತದೆ. ಐದು ನಿಮಿಷ ಮಾಡಿ, ತಕ್ಷಣ ಕೊಳವೆ ತೆಗೆದು ಅದೇ ಆರೋಹಣವನ್ನು ಅಕಾರದಲ್ಲಿ ಹಾಡಿ. ಮೊದಲ ಸಲ ನನ್ನದೇ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿತು. ಕೊಳವೆಯನ್ನು ದಿನಾ ತೊಳೆಯಿರಿ, ಇದನ್ನು ಯಾರೂ ಹೇಳುವುದಿಲ್ಲ.

ರಾಗವನ್ನು ಊರಿನ ಗುರುಗಳ ಬಳಿಯೇ ಇಟ್ಟುಕೊಳ್ಳಿ. ಎರಡು ಪಾಠ ಒಂದೇ ದಿನ ಬೇಡ. ಗಂಟಲು ಕಟ್ಟಿ ಮೂರು ವಾರವಾದರೂ ಬಿಡದಿದ್ದರೆ ಕಷಾಯ ಕುಡಿಯುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ; ಧ್ವನಿಗೇ ಮೀಸಲಾದ ತಜ್ಞರು ಇಲ್ಲಿದ್ದಾರೆ, ಆ ವಿಭಾಗದ ಹೆಸರು ಫೋನಿಯಾಟ್ರಿ. ಮನೆಯಲ್ಲಿ ಸಾಧನೆ ರಾತ್ರಿ ಹತ್ತರ ಮೇಲೆ ಕೂಡದು. ಕೆಲವು ಕಟ್ಟಡಗಳಲ್ಲಿ ಮಧ್ಯಾಹ್ನವೂ ಮೌನದ ಹೊತ್ತು ಇರುತ್ತದೆ, ನಿಯಮದ ಹಾಳೆ ಓದಿಕೊಳ್ಳಿ. ನಾನು ಕೋಟುಗಳ ಕಪಾಟು ತೆರೆದು ಅದರೊಳಗೆ ಮುಖವಿಟ್ಟು ಹಾಡುತ್ತೇನೆ.

ನಾನು 45 ನಿಮಿಷಕ್ಕೆ 50 ಯೂರೋ ಕೊಡುತ್ತೇನೆ. ಹಿಂದಿನ ದಿನವೇ ತಿಳಿಸದೆ ತಪ್ಪಿಸಿಕೊಂಡರೆ ಹಣ ಹೋಯಿತು. ಚೌಕಾಸಿ ಮಾಡಬೇಡಿ, ಅವರಿಗೆ ಈಗ ತಿಂಗಳ ಸಂಬಳವಿಲ್ಲ. ಅವರಾಗಿಯೇ ಹೇಳುವವರೆಗೆ ಜರ್ಮನ್‌ನಲ್ಲಿ 'ನೀವು' ಎಂದೇ ಮಾತಾಡಿಸಿ, ಕನ್ನಡಿಗರಿಗೆ ಇದು ಕಷ್ಟವಾಗಬಾರದು. ಬಾಗಿಲಲ್ಲಿ ಶೂ ಕಳಚಲು ಹೇಳಿದರೆ ಅದು ಮಡಿಗಾಗಿ ಅಲ್ಲ, ಪಾದ ನೆಲಕ್ಕೆ ಪೂರ್ತಿ ಊರಲಿ ಎಂದು. ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ. ಆ ಮರದ ನೆಲ ನವೆಂಬರಿನಲ್ಲಿ ಕೊರೆಯುತ್ತದೆ.