ಮೊದಲು ಜಿಮೇಲ್‌ಗೆ ಬೀಗ ಹಾಕಿ, ಆಮೇಲೆ ಗೇಮ್ ಆಡಿ

"ಮಾಮ, ನನ್ನ ಐಡಿ ಹೋಯ್ತು."

ಬೇಸಿಗೆ ರಜೆಯಲ್ಲಿ ಒಂದು ಸಂಜೆ ಮಂಡಕ್ಕಿ ಕಲಸುತ್ತಾ ಕೂತಿದ್ದೆ, ಅಕ್ಕನ ಮಗ ಅಳುಮೋರೆ ಹಾಕಿಕೊಂಡು ಬಂದ. ಎರಡು ವರ್ಷ ಆಡಿ ಬೆಳೆಸಿದ ಬಿಜಿಎಂಐ (ಫೋನಿನಲ್ಲಿ ಆಡೋ ಗುಂಡು ಹಾರಿಸೋ ಗೇಮ್) ಐಡಿ, ಅಂದ್ರೆ ಗೇಮಿನ ಅಕೌಂಟ್. ಏನು ಮಾಡಿದೆಯೋ ಅಂದರೆ "ಏನೂ ಮಾಡಿಲ್ಲ" ಅಂದ. ಎರಡು ಮಿರ್ಚಿ ತಿಂದಮೇಲೆ ಬಾಯಿ ಬಿಟ್ಟ. ಟೆಲಿಗ್ರಾಂನಲ್ಲಿ ಯಾರೋ ಫ್ರೀ ಯುಸಿ (ಗೇಮಿನೊಳಗಿನ ದುಡ್ಡು) ಅಂತ ಲಿಂಕ್ ಹಾಕಿದ್ದರಂತೆ, ಒತ್ತಿದರೆ ಫೇಸ್‌ಬುಕ್ ಲಾಗಿನ್ ತರಾನೇ ಪೇಜ್ ಬಂತಂತೆ, ಪಾಸ್‌ವರ್ಡ್ ಹಾಕಿದ, ತಪ್ಪು ಅಂತು, ಇನ್ನೊಂದು ಹಾಕಿದ, ಅದೂ ತಪ್ಪು ಅಂತು, ಹೀಗೆ ತನ್ನ ಹತ್ತಿರ ಇದ್ದ ಮೂರೂ ಪಾಸ್‌ವರ್ಡನ್ನು ಕಳ್ಳನಿಗೆ ತಾನೇ ಕೊಟ್ಟು ಬಂದಿದ್ದ.

ಲಾಗಿನ್ ಪೇಜ್ ಬಂದರೆ ಮೊದಲು ಮೇಲಿರುವ ವಿಳಾಸ ನೋಡಿ. ಅದರಲ್ಲಿ ಎಲ್ಲೋ ಫೇಸ್‌ಬುಕ್ ಅಂತ ಬರೆದಿದ್ದರೆ ಸಾಲದು. ಮೊದಲ ಒಂಟಿ ಓರೆಗೆರೆಗೆ (/) ಸ್ವಲ್ಪ ಮುಂಚೆ ಏನಿದೆ ಅನ್ನೋದೇ ಮುಖ್ಯ. ಗೇಟಿನ ಮೇಲೆ "ಮೈಸೂರು ನಿಲಯ" ಅಂತ ಬರೆಸಿದರೂ ಮನೆ ಇರೋದು ಹರಿಹರದಲ್ಲೇ ಅಲ್ವಾ? ಹಾಗೆ. ಇನ್ನೊಂದು ಸುಲಭದ ಗುರುತಿದೆ. ಪಾಸ್‌ವರ್ಡನ್ನು ಕ್ರೋಮ್‌ನಲ್ಲೋ ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್ ಮಾಡಿ ನೆನಪಿಟ್ಟುಕೊಳ್ಳೋ ಆಪ್) ಒಳಗೋ ಸೇವ್ ಮಾಡಿಟ್ಟರೆ, ನಕಲಿ ಪೇಜಿನಲ್ಲಿ ಅದು ತಾನಾಗಿ ತುಂಬಲ್ಲ. ನಮ್ಮ ಕಣ್ಣು ಮೋಸ ಹೋದರೂ ಅದು ಹೋಗಲ್ಲ. ಅದು ಸುಮ್ನೆ ಕೂತರೆ ನೀವೂ ಕೈ ತೆಗೆಯಿರಿ.

ಈಗ ಜಿಮೇಲ್. ಎಲ್ಲರೂ ಗೇಮ್ ಪಾಸ್‌ವರ್ಡ್ ಬದಲಾಯಿಸೋಕೆ ಓಡ್ತಾರೆ, ಆದರೆ "ಪಾಸ್‌ವರ್ಡ್ ಮರೆತೆ" ಅಂತ ಒತ್ತಿದರೆ ಮೇಲ್ ಹೋಗೋದು ಎಲ್ಲಿಗೆ? ಅದು ಕಳ್ಳನ ಕೈಯಲ್ಲಿದ್ದರೆ ಉಳಿದದ್ದೆಲ್ಲ ಅವನದೇ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಕೌಂಟ್ ತೆಗೆದು, ಸೆಕ್ಯುರಿಟಿಗೆ ಹೋಗಿ ಟು-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಆಗ ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತೂ ಕೇಳುತ್ತೆ. ಎಸ್‌ಎಂಎಸ್ ಓಟಿಪಿಗಿಂತ ಫೋನಿನಲ್ಲೇ ಕೋಡ್ ತೋರಿಸೋ ಅಥೆಂಟಿಕೇಟರ್ ಆಪ್ ವಾಸಿ, ಯಾಕಂದ್ರೆ ನಿಮ್ಮ ನಂಬರಿಗೆ ಡುಪ್ಲಿಕೇಟ್ ಸಿಮ್ ತೆಗೆದರೂ ಅದರ ಕೋಡ್ ಕಳ್ಳನಿಗೆ ಸಿಗಲ್ಲ. ಫೋನ್ ಕೈಯಲ್ಲಿಲ್ಲದಾಗ ಒಳಗೆ ಹೋಗೋಕೆ ಅಲ್ಲೇ 10 ಬ್ಯಾಕಪ್ ಕೋಡ್ ಕೊಡ್ತಾರೆ. ಸ್ಕ್ರೀನ್‌ಶಾಟ್ ಬೇಡ, ಚೀಟಿಯಲ್ಲಿ ಬರೆದಿಡಿ. ರಿಕವರಿ ನಂಬರ್ ಯಾವುದಿದೆ ಅಂತಾನೂ ನೋಡಿ. ನಮ್ಮ ಹುಡುಗನದು ರೀಚಾರ್ಜ್ ಮಾಡದೆ ಬಿಟ್ಟ ಹಳೇ ನಂಬರ್ ಆಗಿತ್ತು! ಅಂಥ ನಂಬರ್ ಆಮೇಲೆ ಬೇರೆಯವರಿಗೆ ಹೋಗುತ್ತೆ. ಫೇಸ್‌ಬುಕ್ಕಿಗೂ ಇದೇ ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ಸ್ಟೀಮ್ ಅನ್ನೋ ಗೇಮ್ ಅಂಗಡಿಯಿಂದ ಆಡೋರು ಅದರದೇ ಇಂಥ ಬೀಗ, ಸ್ಟೀಮ್ ಗಾರ್ಡ್, ಹಾಕಿಕೊಳ್ಳಿ.

ಪಾಸ್‌ವರ್ಡ್ ವಿಷಯಕ್ಕೆ ಬಂದರೆ ನಮ್ಮೂರಿನ ಹುಡುಗರದ್ದು ಊಹಿಸೋಕೆ ಕಷ್ಟವೇ ಇಲ್ಲ. ಕೆಎ 17, ಮುಂದೆ ಬೈಕ್ ನಂಬರ್. ಇಲ್ಲಾಂದ್ರೆ ದಾವಣಗೆರೆ 123. 2009ರಲ್ಲಿ ರಾಕ್‌ಯೂ ಅನ್ನೋ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿಹೋದಾಗ ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು 123456. 2011ರಲ್ಲಿ ಸೋನಿ ಕಂಪನಿಯ ಗೇಮ್ ಜಾಲ ಪ್ಲೇಸ್ಟೇಷನ್ ನೆಟ್‌ವರ್ಕ್‌ನಲ್ಲಿ 7.7 ಕೋಟಿ ಅಕೌಂಟುಗಳ ವಿವರ ಹೋಯ್ತು. ಒಂದು ಕಡೆ ಸೋರಿದ್ದನ್ನು ಕಳ್ಳರು ಬೇರೆ ಎಲ್ಲಾ ಕಡೆ ಹಾಕಿ ನೋಡ್ತಾರೆ, ಅದಕ್ಕೇ ಒಂದೊಂದಕ್ಕೆ ಒಂದೊಂದು ಬೇಕು. ನಿಘಂಟು ತೆಗೆದು ಕಣ್ಣುಮುಚ್ಚಿ ಬೆರಳಿಟ್ಟು ಐದು ಪದ ಆರಿಸಿ. ಗುದ್ದಲಿ, ತೊಟ್ಟಿಲು, ನವಿಲು, ಹಂಚು, ಜರಡಿ. ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆದರೆ ಉದ್ದವೂ ಆಯ್ತು, ನೆನಪೂ ಇರುತ್ತೆ. (ಇದನ್ನೇ ಇಡಬೇಡಿ ಮತ್ತೆ!) ಇಂಥದ್ದು ಜಿಮೇಲ್‌ಗೆ ಒಂದು ಸಾಕು, ಉಳಿದದ್ದನ್ನು ಮ್ಯಾನೇಜರ್ರೇ ಮಾಡಿ ಇಟ್ಟುಕೊಳ್ಳಲಿ.

ರ‍್ಯಾಂಕ್ ಏರಿಸಿಕೊಡ್ತೀನಿ ಅಂದ ಗೆಳೆಯನಿಗೆ ಐಡಿ ಕೊಡಬೇಡಿ. ಇನ್‌ಸ್ಟಾದಲ್ಲಿ ಮಾರಾಟಕ್ಕಿರೋ ಐಡಿಯನ್ನೂ ಕೊಳ್ಳಬೇಡಿ. ದುಡ್ಡು ಎಣಿಸಿಕೊಂಡವನು ಹಳೇ ಮೇಲ್ ತೋರಿಸಿ ವಾಪಸ್ ತಗೊಂಡರೆ ನೀವು ಯಾರ ಹತ್ತಿರ ಜಗಳ ಆಡ್ತೀರಿ? ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆ ಸಿಗೋ "ಮಾಡ್" ಎಪಿಕೆ (ಯಾರೋ ತಿದ್ದಿದ ಆಪ್ ಫೈಲ್) ಅಂತೂ ಮುಟ್ಟಲೇಬೇಡಿ. ಪರ್ಮಿಷನ್ ಕೊಟ್ಟರೆ ಅಂಥವು ಓಟಿಪಿಯನ್ನೂ ಓದುತ್ತವೆ.

ಹೋಗಿಯೇಬಿಟ್ಟಿದ್ದರೆ, ಬೇರೆ ಫೋನಿನಿಂದ ಜಿಮೇಲ್ ಪಾಸ್‌ವರ್ಡ್ ಬದಲಾಯಿಸಿ, ಗುರುತಿಲ್ಲದ ಡಿವೈಸ್‌ಗಳನ್ನೆಲ್ಲ ಸೈನ್ ಔಟ್ ಮಾಡಿ, ಆಮೇಲೆ ಗೇಮಿನ ಕಸ್ಟಮರ್ ಸಪೋರ್ಟ್‌ಗೆ ಬರೆಯಿರಿ. ಪ್ಲೇಯರ್ ಐಡಿ ನಂಬರ್, ದುಡ್ಡು ಕಟ್ಟಿದ ಹಳೇ ರಸೀದಿಗಳು ಕೈಯಲ್ಲಿರಲಿ. ಬ್ಯಾಂಕ್ ದುಡ್ಡೂ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟೋ ಮೊದಲೇ ತಡೆಯೋಕೆ ಆಗಬಹುದು.

ಎಲ್ಲೋ ಗೋಳು ಹೇಳಿಕೊಂಡರೆ "ರಿಕವರಿ ಮಾಡಿಕೊಡ್ತೀವಿ, 500 ಕಳಿಸಿ" ಅಂತ ಮೆಸೇಜ್ ಬರುತ್ತೆ. ಅವನೂ ಕಳ್ಳನೇ. ನಮ್ಮ ಹುಡುಗನಿಗೂ ಬಂದಿತ್ತು, ಅಕ್ಕನ ಫೋನ್‌ಪೇ ತೆಗೆಯೋಷ್ಟರಲ್ಲಿ ನಾನು ಕಿತ್ತುಕೊಂಡೆ. ಅವನ ಜಿಮೇಲ್‌ನಲ್ಲಿ 89 ರೂಪಾಯಿಯ ಒಂದು ಹಳೇ ರಸೀದಿ ಸಿಕ್ಕಿತು, ಅದನ್ನೇ ಸಪೋರ್ಟ್‌ಗೆ ಕಳಿಸಿದ್ವಿ. ಹದಿನೈದು ದಿನಕ್ಕೆ ಐಡಿ ಬಂತು. ಬ್ಯಾಕಪ್ ಕೋಡ್ ಬರೆದ ಚೀಟಿ ಈಗ ಅಕ್ಕನ ಬೀರುವಿನಲ್ಲಿದೆ, ರೇಷನ್ ಕಾರ್ಡ್ ಇಟ್ಟ ಕವರಿನಲ್ಲೇ.