ಅಂಡಾಣು ಫ್ರೀಜಿಂಗ್ ಕೆಲಸವನ್ನು ಮಷಿನ್‌ಗೆ ಒಪ್ಪಿಸಿದ ನನ್ನ ಅನುಭವ

ನಾನು ಐವಿಎಫ್ ಲ್ಯಾಬಿನಲ್ಲಿ ಎಂಬ್ರಿಯಾಲಜಿಸ್ಟ್, ಅಂದರೆ ಅಂಡಾಣು, ಭ್ರೂಣಗಳನ್ನು ನೋಡಿಕೊಳ್ಳುವವಳು. ಇವತ್ತು ಫ್ರೀಜ್ ಮಾಡಿದ ಅಂಡಾಣು ಚೆನ್ನಾಗಿದೆಯಾ ಇಲ್ವಾ ಅಂತ ಇವತ್ತೇ ಗೊತ್ತಾಗುವುದಿಲ್ಲ. ಅಂಡಾಣು ಇಡಿಸಿದ ಹೆಣ್ಣುಮಗಳು ಎಷ್ಟೋ ವರ್ಷ ಬಿಟ್ಟು ಮಗು ಬೇಕು ಅಂತ ವಾಪಸ್ ಬಂದಾಗ, ಅದನ್ನು ಬೆಚ್ಚಗೆ ಮಾಡಿ ನೋಡಿದಾಗಲೇ ಗೊತ್ತಾಗುವುದು. ಮಷಿನ್ ಬೇಕು ಅಂತ ನಾನು ಹಟ ಹಿಡಿದದ್ದು ಇದಕ್ಕೇ.

ಅಂಡಾಣುವಿನ ತುಂಬ ನೀರು. ನಿಧಾನವಾಗಿ ತಣ್ಣಗೆ ಮಾಡಿದರೆ ಒಳಗೆ ಮಂಜುಗಡ್ಡೆಯ ಹರಳು ಕಟ್ಟಿ ಜೀವಕೋಶ ಹಾಳಾಗುತ್ತದೆ. ಅದಕ್ಕೇ ವಿಟ್ರಿಫಿಕೇಶನ್, ಅಂದರೆ ಹರಳು ಕಟ್ಟಲು ಬಿಡದೆ ದಿಢೀರನೆ ಗಾಜಿನಂತೆ ಗಟ್ಟಿಯಾಗಿಸುವುದು. ಮೊದಲು ಹರಳು ಕಟ್ಟದಂತೆ ಕಾಪಾಡುವ ರಾಸಾಯನಿಕಗಳ ತೆಳು ದ್ರಾವಣದಲ್ಲಿ 10-15 ನಿಮಿಷ ಇಡುತ್ತೇವೆ. ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರೆ, ನೀರು ಹೊರಬಂದು ಅಂಡಾಣು ಸುಕ್ಕಾಗುತ್ತದೆ, ಆಮೇಲೆ ಎಥಿಲೀನ್ ಗ್ಲೈಕಾಲ್, ಡಿಎಂಎಸ್‌ಒ ಎಂಬ ಆ ರಾಸಾಯನಿಕಗಳು ಒಳಗೆ ಹೋದಂತೆ ಮೆಲ್ಲಗೆ ಮತ್ತೆ ದುಂಡಗಾಗುತ್ತದೆ. ನಂತರ ಗಟ್ಟಿ ದ್ರಾವಣ. ಇಲ್ಲಿ ಸಿಗುವುದು ಒಂದು ನಿಮಿಷದ ಆಸುಪಾಸು, ಅಷ್ಟರಲ್ಲೇ ಪಿಪೆಟ್ಟಿನಲ್ಲಿ ಎತ್ತಿ, ಕೂದಲಿನಷ್ಟು ತೆಳು ಪಟ್ಟಿಯ ಮೇಲೆ ಇಟ್ಟು, ಹೆಚ್ಚಿನ ದ್ರವ ಹೀರಿ, −196 ಡಿಗ್ರಿಯ ದ್ರವ ನೈಟ್ರೋಜನ್‌ಗೆ ಅದ್ದಬೇಕು. ಕೈಯಿಂದ ಕೈಗೆ ವ್ಯತ್ಯಾಸ ಬರುವುದು ಇಲ್ಲೇ. ತೆರೆದ ಹನಿಯಿಂದ ನೀರು ಆವಿಯಾದರೆ ದ್ರಾವಣದ ಸಾಂದ್ರತೆ ಬದಲಾಗುತ್ತದೆ, ರೂಮಿನ ಉಷ್ಣತೆ ಇಳಿದರೆ ದ್ರಾವಣ ಒಳಗೆ ಹೋಗುವ ವೇಗ ಬದಲಾಗುತ್ತದೆ.

ನಮ್ಮ ಮಷಿನ್ ಮುಚ್ಚಿದ ಪುಟ್ಟ ಡಬ್ಬಿಯೊಳಗೆ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತದೆ. ಉಷ್ಣತೆ, ಸಮಯ ಎರಡೂ ಪ್ರತಿ ಸಲ ಒಂದೇ. ಅಂಡಾಣುವಿನ ಸುತ್ತಲಿನ ಜೀವಕೋಶ ತೆಗೆಯುವುದು, ಪೋಲಾರ್ ಬಾಡಿ (ಬಲಿತ ಅಂಡಾಣುವಿನ ಪಕ್ಕ ಕಾಣುವ ಪುಟ್ಟ ಕೋಶ) ನೋಡಿ ಅಂಡಾಣು ಬಲಿತಿದೆಯಾ ಅಂತ ಹೇಳುವುದು, ಹೆಸರು-ಕೋಡ್ ಇಬ್ಬರು ಸೇರಿ ತಾಳೆ ನೋಡುವುದು ಇನ್ನೂ ನಮ್ಮದೇ ಕೆಲಸ. ಅದು ಹಾಗೇ ಇರಬೇಕು ಅನ್ನುವವಳು ನಾನು.

ಶುರುವಿನಲ್ಲಿ ಚಿಕಿತ್ಸೆಯ ಅಂಡಾಣು ಮುಟ್ಟಲಿಲ್ಲ. ಚಿಕಿತ್ಸೆಗೆ ಬಾರದ, ಬಲಿಯದ ಅಂಡಾಣುಗಳನ್ನು ಒಪ್ಪಿಗೆ ಪಡೆದು ಬಳಸಿದೆವು. ಒಬ್ಬರದೇ ಅಂಡಾಣುಗಳನ್ನು ಎರಡು ಪಾಲು ಮಾಡಿ ಒಂದನ್ನು ಕೈಯಲ್ಲಿ, ಇನ್ನೊಂದನ್ನು ಮಷಿನ್‌ನಲ್ಲಿ ಫ್ರೀಜ್ ಮಾಡಿದೆವು, ಇಲ್ಲದಿದ್ದರೆ ವಯಸ್ಸಿನ ಪರಿಣಾಮ ಯಾವುದು, ಮಷಿನ್‌ನದು ಯಾವುದು ಅಂತ ತಿಳಿಯುವುದೇ ಇಲ್ಲ. ಪಳಗಿದವರ ಕೈಗೆ ಮಷಿನ್ ಏನೂ ಜಾಸ್ತಿ ಸೇರಿಸಲಿಲ್ಲ. ಹೊಸಬರ ಕೆಲಸ ಮಾತ್ರ ಅವರ ಹತ್ತಿರಕ್ಕೆ ಬಂತು, ನನಗೆ ಬೇಕಿದ್ದದ್ದೂ ಅದೇ.

ಬೆಚ್ಚಗೆ ಮಾಡುವುದನ್ನು ಮರೆಯಬೇಡಿ. ತಣ್ಣಗಾಗುವ ವೇಗಕ್ಕಿಂತ ಬೆಚ್ಚಗಾಗುವ ವೇಗವೇ ಮುಖ್ಯ. 37 ಡಿಗ್ರಿಯ ದ್ರಾವಣಕ್ಕೆ ಒಂದೇ ಸಲಕ್ಕೆ ಇಳಿಸಬೇಕು, ತಡವಾದರೆ ಅಲ್ಲೇ ಹರಳು ಕಟ್ಟುತ್ತದೆ. ನಮ್ಮಲ್ಲಿ ಈ ಹಂತ ಕೈಯಲ್ಲೇ ನಡೆಯುತ್ತದೆ.

ಮಷಿನ್ ಕೊಳ್ಳುವವರು ಎರಡು ಪ್ರಶ್ನೆ ಕೇಳಿ. ಅರ್ಧದಲ್ಲಿ ನಿಂತರೆ ಅಂಡಾಣುವನ್ನು ಹೊರತೆಗೆದು ಕೈಯಲ್ಲಿ ಮುಂದುವರಿಸಬಹುದಾ? ಅಂಡಾಣು ಇಡಿಸಿದಾಕೆ ಮುಂದೆ ಬೇರೆ ಊರಿಗೆ ಹೋದರೆ, ಈ ಮಷಿನ್ ಇಲ್ಲದ ಲ್ಯಾಬಿನಲ್ಲೂ ಅದೇ ಡಬ್ಬಿಯಿಂದ ಅಂಡಾಣುವನ್ನು ಬೆಚ್ಚಗೆ ಮಾಡಿ ತೆಗೆಯಬಹುದಾ? ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ, ಸುಮ್ನೆ ಬಾಯಿಮಾತಿಗೆ ಬಿಡಬೇಡಿ.